ಆನೇಕಲ್ಲಿನ ವಿಮಾನ, ಪೊಟೊಮ್ಯಾಕ್ ನದಿಯ ವಿಮಾನ

ಹೋದ ಬೇಸಿಗೆಯಲ್ಲಿ ಮಾವನವರು ಬೆಂಗಳೂರಿನಿಂದ ಬಂದಿದ್ದಾಗ ಡಲ್ಲೆಸ್ ಪಕ್ಕದ ಉಡ್ವಾರ್-ಹೇಜಿ ವಿಮಾನ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಎಲ್ಲ ನೋಡಿ ಕಾಫಿ ಕುಡೀತಾ ಕೇಳಿದರು: "ಎಲ್ಲಾ ಸರಿ, ನಮ್ಮ ಭರದ್ವಾಜ ಮಹರ್ಷಿಗಳ ವಿಮಾನ ಎಲ್ಲಪ್ಪಾ?" ನನ್ನ ಮಗ ನಕ್ಕುಬಿಟ್ಟ. ಮಾವನವರ ಮುಖ ಸಪ್ಪಗಾಯಿತು. ಮನೆ ಸೇರೋವರೆಗೂ ಕಾರಿನಲ್ಲಿ ಮಾತಿಲ್ಲ. ನಗುವೇ ಉತ್ತರ ಆಗಬಾರದಲ್ಲ, ಓದೋಕೆ ಕೂತೆ.

ಮಾವನವರು ಹೇಳಿದ್ದು 'ವೈಮಾನಿಕ ಶಾಸ್ತ್ರ'ದ ಮಾತು. ಅದರ ಊರು ದೂರದ್ದಲ್ಲ, ನಮ್ಮ ಆನೇಕಲ್. ಅಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಅಂತರ್ದೃಷ್ಟಿಯಿಂದ ದೊರೆತದ್ದೆಂದು ಸಂಸ್ಕೃತ ಶ್ಲೋಕಗಳನ್ನು ಹೇಳುತ್ತಾ ಹೋದರು. 1918ರಿಂದ ವೆಂಕಟಾಚಲ ಶರ್ಮರು ಬರೆದುಕೊಂಡರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ 1923ರಲ್ಲಿ ಚಿತ್ರ ಬಿಡಿಸಿಕೊಟ್ಟರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿದರು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಪರೀಕ್ಷೆಗೆ ಹಿಡಿದರು. ನನಗೆ ಮೆಚ್ಚುಗೆಯಾದದ್ದು ಇದೇ: ನಗಲಿಲ್ಲ, ಲೆಕ್ಕ ಹಾಕಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಳತೆ, ಭಾರ, ಆಕಾರ ಎಲ್ಲ ನೋಡಿದರು. ಯಾವುದೂ ಹಾರುವಂತಿರಲಿಲ್ಲ. ಶ್ಲೋಕಗಳ ಭಾಷೆ ಹೊಸದು, ಗ್ರಂಥ 1904ಕ್ಕಿಂತ ಹಿಂದಿನದಲ್ಲ ಎಂದರು. ಆ ಐವರಲ್ಲಿ ಒಬ್ಬರಾದ ಎಚ್. ಆರ್. ನಾಗೇಂದ್ರ ಮುಂದೆ ಯೋಗ ವಿಶ್ವವಿದ್ಯಾಲಯವನ್ನೇ ಕಟ್ಟಿದವರು! ಸಂಪ್ರದಾಯದ ಮೇಲೆ ಹಗೆಯಿಂದ ಮಾಡಿದ ಕೆಲಸ ಅನ್ನೋ ಹಾಗಿಲ್ಲ.

ಹಾಗಂತ ವಿಜ್ಞಾನದ ದೊಡ್ಡಮನೆಯವರೆಲ್ಲ ಸತ್ಯಹರಿಶ್ಚಂದ್ರರೇ? ನಮ್ಮೂರಿನ ಕಥೆಯನ್ನೇ ಕೇಳಿ. ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಲ್ಯಾಂಗ್ಲಿ, ಸೈನ್ಯದಿಂದ 50,000 ಡಾಲರ್ ಪಡೆದು ಕಟ್ಟಿದ ವಿಮಾನ 1903ರ ಅಕ್ಟೋಬರ್ 7ರಂದು ಪೊಟೊಮ್ಯಾಕ್ ನದಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೆ ಬಿತ್ತು. ಒಂಬತ್ತೇ ದಿನಕ್ಕೆ, ಉತ್ತರ ಕೆರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳಿನಲ್ಲಿ, ಸೈಕಲ್ ಅಂಗಡಿಯ ರೈಟ್ ಸೋದರರು 12 ಸೆಕೆಂಡು, 120 ಅಡಿ ಹಾರಿದರು. ಆದರೂ ಸ್ಮಿತ್ಸೋನಿಯನ್ ಒಪ್ಪಲಿಲ್ಲ. 1914ರಲ್ಲಿ ಲ್ಯಾಂಗ್ಲಿಯ ವಿಮಾನವನ್ನು ರಿಪೇರಿ ನೆಪದಲ್ಲಿ ಅಲ್ಲಲ್ಲಿ ಮಾರ್ಪಡಿಸಿ ಹಾರಿಸಿ, ಹಾರಬಲ್ಲ ಮೊದಲ ವಿಮಾನ ಇದೇ ಎಂದು ಸಾರಿತು. ನೊಂದ ಆರ್ವಿಲ್ ರೈಟ್ ತಮ್ಮ ವಿಮಾನವನ್ನು 1928ರಲ್ಲಿ ಲಂಡನ್ನಿಗೆ ಕಳಿಸಿಬಿಟ್ಟರು. 1942ರಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡಿತು. 1948ರಲ್ಲಿ ವಿಮಾನ ವಾಷಿಂಗ್ಟನ್ನಿಗೆ ಬಂತು. ಅಷ್ಟರಲ್ಲಿ ಆರ್ವಿಲ್ ತೀರಿಕೊಂಡಿದ್ದರು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಅಂತರ್ದೃಷ್ಟಿಗೆ ಕಂಡದ್ದನ್ನ ತಕ್ಕಡೀಲಿ ತೂಗ್ತೀರಲ್ಲಪ್ಪಾ" ಅಂದರು ಮಾವನವರು.

"ಧ್ಯಾನದಲ್ಲಿ ಕಂಡದ್ದನ್ನ ನಾನು ತೂಗಲ್ಲ ಮಾವ. ಆದ್ರೆ ವಿಮಾನ ಅಂದ್ಮೇಲೆ ತೂಗಲೇಬೇಕಲ್ವಾ, ಜನ ಹತ್ತೋದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ನದಿಗೆ ಬಿದ್ದ ವಿಮಾನ ನಾವು ನೋಡಿದ್ವಾ?"

"ಅದೇ ಮ್ಯೂಸಿಯಂನಲ್ಲಿದೆ. ಅದರ ಮುಂದೇನೇ ಹಾದು ಹೋದ್ವಿ."

"ಮುಂದಿನ ಸಲ ನಿಂತು ನೋಡೋಣ. ಪುಟ್ಟಂಗೂ ಬರೋಕೆ ಹೇಳು."