ಆಸ್ಪತ್ರೆ ಕಸಕ್ಕೆ ಲೆಕ್ಕವೇ ಇಲ್ಲವೇ? ವಾರ್ಷಿಕ ವರದಿ ಓದುವುದು ಹೀಗೆ

ತಿಪ್ಪೆಯ ಮೇಲೆ ಬಿದ್ದಿರುವ ಸಿರಿಂಜ್, ರಕ್ತ ಅಂಟಿದ ಹತ್ತಿ, ಹರಿದ ಹಳದಿ ಚೀಲ. ಕೆಳಗೆ ‘ಆಸ್ಪತ್ರೆ ಕಸಕ್ಕೆ ಹೇಳುವವರು ಕೇಳುವವರು ಇಲ್ಲ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು. ಇಂಥ ಫಾರ್ವರ್ಡ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಫೋಟೊ ಅದೇ ಇದ್ದರೂ ಊರಿನ ಹೆಸರು ಮಾತ್ರ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಬದಲಾಗಬಹುದು. ಫೋಟೊ ಎಲ್ಲಿಯದು ಎಂಬುದನ್ನು ಪ್ರತಿ ಸಲ ಪತ್ತೆ ಹಚ್ಚುವುದು ಕಷ್ಟ. ಆದರೆ ‘ಲೆಕ್ಕವೇ ಇಲ್ಲ’ ಎಂಬ ಮಾತನ್ನು ಪರೀಕ್ಷಿಸಬಹುದು.

ನಿಜವೇನು?

ಲೆಕ್ಕ ಇಡಲೇಬೇಕು ಎಂದು ಕಾನೂನೇ ಹೇಳುತ್ತದೆ. 2016ರ ಮಾರ್ಚ್ 28ರಂದು ಪ್ರಕಟವಾದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ರಕ್ತನಿಧಿ, ಪಶು ಆಸ್ಪತ್ರೆ ಹಾಗೂ ಈ ತ್ಯಾಜ್ಯವನ್ನು ಸಂಸ್ಕರಿಸಿ ನಾಶಪಡಿಸುವ ಸಾಮೂಹಿಕ ಘಟಕ, ಎಲ್ಲವೂ ಪ್ರತಿ ವರ್ಷ ನಮೂನೆ-4ರಲ್ಲಿ ವರದಿ ಕೊಡಬೇಕು. ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕವನ್ನು ಜೂನ್ 30ರೊಳಗೆ ಸಲ್ಲಿಸಬೇಕು. ನಮ್ಮಲ್ಲಿ ಇದನ್ನು ಪಡೆಯುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಮಂಡಳಿ ಅದನ್ನು ಕ್ರೋಡೀಕರಿಸಿ ಜುಲೈ 31ರೊಳಗೆ ಕೇಂದ್ರ ಮಂಡಳಿಗೆ ಕಳಿಸಬೇಕು. ಈ ವರದಿಗಳು ಜಾಲತಾಣಗಳಲ್ಲಿ ಸಾರ್ವಜನಿಕರಿಗೆ ಸಿಗಬೇಕು ಎಂದೂ ನಿಯಮ ಹೇಳುತ್ತದೆ.

ಹಾಗಾಗಿ ‘ಲೆಕ್ಕವೇ ಇಲ್ಲ’ ಎಂಬುದು ತಪ್ಪು. ಆದರೆ ವರದಿ ಸಲ್ಲಿಕೆಯಾದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದೂ ಅಲ್ಲ. ಅದರಲ್ಲಿರುವ ಅಂಕಿಗಳನ್ನು ತುಂಬುವುದು ಆಯಾ ಸಂಸ್ಥೆಯೇ. ಅವುಗಳನ್ನು ಹೋಲಿಸಿ ನೋಡುವವರಿದ್ದರೆ ಮಾತ್ರ ವರದಿಗೆ ಬೆಲೆ.

ಕಸ ಹೋಗುವ ದಾರಿ

ಆಸ್ಪತ್ರೆಯ ಕಸವೆಲ್ಲ ಅಪಾಯಕಾರಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು ಶೇ 85ರಷ್ಟು ಮನೆಯ ಕಸದಂತೆಯೇ ಸಾಮಾನ್ಯ ಕಸ. ಉಳಿದ ಶೇ 15ರಷ್ಟು ಸೋಂಕು ಹರಡುವಂಥದ್ದು ಇಲ್ಲವೇ ಬೇರೆ ಬಗೆಯ ಅಪಾಯ ಉಳ್ಳದ್ದು. ಎರಡೂ ಬೆರೆತರೆ ಎಲ್ಲವೂ ಅಪಾಯಕಾರಿಯಾಗುತ್ತದೆ. ಅದಕ್ಕೇ ಹುಟ್ಟಿದ ಜಾಗದಲ್ಲೇ ಬಣ್ಣದ ಪ್ರಕಾರ ಬೇರ್ಪಡಿಸಬೇಕು.

ಹಳದಿ: ದೇಹದ ಭಾಗಗಳು, ರಕ್ತ ಅಂಟಿದ ಬ್ಯಾಂಡೇಜ್, ಅವಧಿ ಮೀರಿದ ಔಷಧ. ಇದರಲ್ಲಿ ಹೆಚ್ಚಿನದು ದಹನಯಂತ್ರಕ್ಕೆ.
ಕೆಂಪು: ಸಲೈನ್ ಪೈಪು, ಸೂಜಿ ತೆಗೆದ ಸಿರಿಂಜ್, ಕೈಗವಸು. ಇದನ್ನು ಸುಡುವಂತಿಲ್ಲ. ಆಟೋಕ್ಲೇವ್‌ನ ಹಬೆಯಲ್ಲಿ ಸೋಂಕು ಕಳೆದು, ಚೂರು ಮಾಡಿ ಮರುಬಳಕೆಗೆ ಕಳಿಸಬೇಕು.
ಬಿಳಿ: ಸೂಜಿ, ಬ್ಲೇಡ್. ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಯಲ್ಲಿ.
ನೀಲಿ: ಔಷಧದ ಗಾಜಿನ ಬಾಟಲಿ, ಲೋಹದ ಇಂಪ್ಲಾಂಟ್.

‘ಆಸ್ಪತ್ರೆ ಕಸವನ್ನೆಲ್ಲ ಸುಟ್ಟುಬಿಟ್ಟರೆ ಸುರಕ್ಷಿತ’ ಎಂಬ ಮತ್ತೊಂದು ನಂಬಿಕೆಯೂ ತಪ್ಪು. ದಹನಯಂತ್ರದ ಎರಡನೇ ಕೋಣೆಯಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಅನಿಲ ಅಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಬಯಲಲ್ಲಿ ಕಡ್ಡಿ ಗೀರಿ ಸುಟ್ಟರೆ ಅಷ್ಟು ಶಾಖ ಬರುವುದಿಲ್ಲ. ಕ್ಲೋರಿನ್ ಇರುವ ಪ್ಲಾಸ್ಟಿಕ್‌ನಿಂದ ಡಯಾಕ್ಸಿನ್‌ನಂಥ ವಿಷಗಳು ಹುಟ್ಟುತ್ತವೆ.

75 ಕಿಲೋಮೀಟರ್ ಒಳಗೆ ಸಾಮೂಹಿಕ ಘಟಕದ ಸೇವೆ ಸಿಗುವುದಾದರೆ ಆಸ್ಪತ್ರೆ ತನ್ನದೇ ಸಂಸ್ಕರಣಾ ವ್ಯವಸ್ಥೆ ಮಾಡಿಕೊಳ್ಳುವಂತಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ, ಕುರುಗೋಡು ಎರಡೂ ಈ ದೂರದ ಒಳಗೇ ಇವೆ. ಅಂದರೆ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಗೂ ಸಿರುಗುಪ್ಪದ ಒಂದು ಕೋಣೆಯ ಲ್ಯಾಬ್‌ಗೂ ವಾಹನ ತಪ್ಪದೆ ಬರಬೇಕು. ಹಳದಿ ಚೀಲದ ದೇಹದ ಭಾಗ, ರಕ್ತಸಿಕ್ತ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ಈ ಗಡುವು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ವರದಿಯಲ್ಲಿ ಏನು ನೋಡಬೇಕು?

1. ಹುಟ್ಟಿದ್ದು ಎಷ್ಟು, ತಲುಪಿದ್ದು ಎಷ್ಟು? ಘಟಕದ ವರದಿಯಲ್ಲಿ ಎಷ್ಟು ಆಸ್ಪತ್ರೆ, ಎಷ್ಟು ಹಾಸಿಗೆ, ದಿನಕ್ಕೆ ಎಷ್ಟು ಕಿಲೋ ಎಂದು ಇರುತ್ತದೆ. ಆಸ್ಪತ್ರೆಗಳ ವರದಿಯಲ್ಲೂ ಬಣ್ಣವಾರು ತೂಕ ಇರುತ್ತದೆ. ಎರಡೂ ತಾಳೆಯಾಗಬೇಕು. ಬರೀ ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಒಂದು ಘಟಕಕ್ಕೆ ಸೇರಿದ ಆಸ್ಪತ್ರೆಗಳೆಲ್ಲ ಸೇರಿ ದಿನಕ್ಕೆ 500 ಕಿಲೋ ಕೊಟ್ಟೆವು ಎಂದಿವೆ, ಘಟಕ 400 ಕಿಲೋ ಬಂತು ಎಂದಿದೆ. ವ್ಯತ್ಯಾಸ ವರ್ಷಕ್ಕೆ 36,500 ಕಿಲೋ. ಅದು ಎಲ್ಲಿ ಹೋಯಿತು ಎಂಬುದೇ ಕೇಳಬೇಕಾದ ಪ್ರಶ್ನೆ.

2. ಘಟಕದ ಸಾಮರ್ಥ್ಯ ಎಷ್ಟು? ಸಾಮರ್ಥ್ಯಕ್ಕಿಂತ ಹೆಚ್ಚು ತ್ಯಾಜ್ಯ ಬರುತ್ತಿದ್ದರೆ ಅದನ್ನು ಹೇಗೆ ನಾಶಪಡಿಸಿದರು?

3. ಬೂದಿ ಎಷ್ಟು? ದಹನಯಂತ್ರ ನಡೆದಿದ್ದರೆ ಬೂದಿ ಉಳಿಯಲೇಬೇಕು. ಅದರ ತೂಕ, ವಿಲೇವಾರಿ ಎರಡನ್ನೂ ಬರೆಯಬೇಕು. ಆ ಕಾಲಂ ಖಾಲಿ ಇದ್ದರೆ ಅನುಮಾನಕ್ಕೆ ಎಡೆ.

4. ಹೊಗೆ ಮಿತಿ ಮೀರಿದ್ದು ಎಷ್ಟು ಸಲ? ವರ್ಷದಲ್ಲಿ ಎಷ್ಟು ಬಾರಿ ಮಾನದಂಡ ತಪ್ಪಿತು ಎಂದು ಘಟಕವೇ ಹೇಳಬೇಕು.

5. ಅಪಘಾತ ಎಷ್ಟು? ಸೂಜಿ ಚುಚ್ಚಿದಂಥ ಘಟನೆಗಳೂ ಇಲ್ಲಿ ಬರಬೇಕು. ದೊಡ್ಡ ಆಸ್ಪತ್ರೆ ವರ್ಷಗಟ್ಟಲೆ ‘ಸೊನ್ನೆ’ ಎಂದು ಬರೆದರೆ ಯಾರಿಗೂ ಚುಚ್ಚಿಲ್ಲ ಎಂದಿರಬಹುದು, ಚುಚ್ಚಿದ್ದನ್ನು ಯಾರೂ ಬರೆದಿಟ್ಟಿಲ್ಲ ಎಂದೂ ಇರಬಹುದು.

ಈ ಲೆಕ್ಕ ಯಾರಿಗಾಗಿ?

ಲೆಕ್ಕ ತಪ್ಪಿದ ಸೂಜಿ ಮೊದಲು ಸಿಗುವುದು ಪೌರಕಾರ್ಮಿಕರ, ಚಿಂದಿ ಆಯುವವರ ಕೈಗೆ. ಸೋಂಕಿತರಿಗೆ ಬಳಸಿದ ಸೂಜಿ ಒಮ್ಮೆ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಹೆಪಟೈಟಿಸ್ ಬಿಗೆ ಶೇ 30, ಹೆಪಟೈಟಿಸ್ ಸಿಗೆ ಶೇ 1.8, ಎಚ್‌ಐವಿಗೆ ಶೇ 0.3 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದರಲ್ಲಿ ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಈ ತ್ಯಾಜ್ಯ ಮುಟ್ಟುವ ಕೆಲಸಗಾರರಿಗೆ ಆಸ್ಪತ್ರೆ ಮತ್ತು ಘಟಕ ಅದನ್ನು ಹಾಕಿಸಬೇಕು ಎಂದು ನಿಯಮವೇ ಹೇಳುತ್ತದೆ.

ಸೂಜಿ ಮತ್ತೆ ಆಸ್ಪತ್ರೆಗೇ ಮರಳಿದರೆ ಅನಾಹುತ ಇನ್ನೂ ದೊಡ್ಡದು. 2009ರಲ್ಲಿ ಗುಜರಾತಿನ ಮೊಡಾಸಾ ಸುತ್ತಮುತ್ತ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಬಳಸಿದ ಸಿರಿಂಜ್‌ಗಳ ಮರುಬಳಕೆಯೇ ಅದರ ಹಿಂದಿತ್ತು.

ನೀವೇನು ಮಾಡಬಹುದು?

ಆಸ್ಪತ್ರೆಯ ಮತ್ತು ಮಂಡಳಿಯ ಜಾಲತಾಣದಲ್ಲಿ ವಾರ್ಷಿಕ ವರದಿ ಹುಡುಕಿ. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಮಂಡಳಿಯ ಬಳ್ಳಾರಿ ಪ್ರಾದೇಶಿಕ ಕಚೇರಿಗೆ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ‘ಇಂಥ ವರ್ಷದ ನಮೂನೆ-4ರ ಪ್ರತಿ’ ಎಂದು ಕೇಳಿದರೆ ಸಾಕು.

ಬಯಲಲ್ಲಿ ಆಸ್ಪತ್ರೆ ಕಸ ಕಂಡರೆ ಮುಟ್ಟಬೇಡಿ. ದೂರದಿಂದಲೇ ಫೋಟೊ ತೆಗೆಯಿರಿ, ದಿನಾಂಕ ಮತ್ತು ಜಾಗ ಬರೆದಿಟ್ಟುಕೊಳ್ಳಿ. ಚೀಲದ ಮೇಲೆ ಬಾರ್‌ಕೋಡ್ ಇದ್ದರೆ ಅದು ಕಾಣುವಂತಿರಲಿ. ಚೀಲ ಯಾವ ಆಸ್ಪತ್ರೆಯದು ಎಂದು ಅದರಿಂದ ಪತ್ತೆ ಹಚ್ಚಬಹುದು. ಅದನ್ನು ಗುಂಪಿಗೆ ಹಾಕುವ ಮೊದಲು ಮಂಡಳಿಗೂ ಸ್ಥಳೀಯ ಪಾಲಿಕೆ ಅಥವಾ ಪುರಸಭೆಗೂ ಕಳಿಸಿ.

ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ, ಸೋಪು ನೀರಿನಿಂದ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರು ಮಾಡಬೇಕು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬೇರೆಯಾಗಿಯೇ ಕೊಡಿ.

ಒಟ್ಟಿನಲ್ಲಿ

ಆಸ್ಪತ್ರೆ ಕಸಕ್ಕೆ ಲೆಕ್ಕವೇ ಇಲ್ಲ ಎಂಬ ಮಾತು ತಪ್ಪು. ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಕೊಡಬೇಕು, ಅದನ್ನು ನೋಡುವ ಹಕ್ಕು ನಮಗೆಲ್ಲರಿಗೂ ಇದೆ. ಮುಂದಿನ ಸಲ ಇಂಥ ಫೋಟೊ ಬಂದಾಗ ‘ನಮ್ಮೂರ ಆಸ್ಪತ್ರೆಯ ನಮೂನೆ-4 ಎಲ್ಲಿದೆ?’ ಎಂದು ಅದೇ ಗುಂಪಿನಲ್ಲಿ ಕೇಳಿ.