ಸನ್ನಡತೆಗೆ ಕಲಮಿಲ್ಲದ ಕಡತ

ಗಲ್ಲು ಶಿಕ್ಷೆಗೆ ಗುರಿಯಾದವರಿಗೆ ಜೀವದಾನ ಕೊಡುವ ಅಧಿಕಾರ ಭಾರತದಲ್ಲಿ ರಾಷ್ಟ್ರಪತಿಗೂ (72ನೇ ವಿಧಿ) ರಾಜ್ಯಪಾಲರಿಗೂ (161ನೇ ವಿಧಿ) ಇದೆ. ಮೂಲದಲ್ಲಿ ಇದು ಅರಸೊತ್ತಿಗೆಯ ಅಧಿಕಾರ. ಬ್ರಿಟಿಷ್ ದೊರೆಯ ಕೈಯಿಂದ 1935ರ ಭಾರತ ಸರ್ಕಾರ ಕಾಯ್ದೆಗೆ ಇಳಿದು, ಅಲ್ಲಿಂದ ಸಂವಿಧಾನಕ್ಕೆ ಬಂತು. ಸಹಿ ರಾಷ್ಟ್ರಪತಿಯದಾದರೂ ತೀರ್ಮಾನ ಮಂತ್ರಿಮಂಡಲದ್ದು. 1980ರ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಕೈದಿಯ ಅರ್ಜಿ ಜೈಲಿನ ಸೂಪರಿಂಟೆಂಡೆಂಟರ ಮೇಜಿನಿಂದ ಹೊರಟು ರಾಜ್ಯ ಸರ್ಕಾರ, ಕೇಂದ್ರ ಗೃಹ ಸಚಿವಾಲಯಗಳನ್ನು ಹಾದು ರಾಷ್ಟ್ರಪತಿ ಭವನ ಸೇರುತ್ತದೆ. ಈ ದಾರಿ ತಿಂಗಳುಗಟ್ಟಲೆ ಹಿಡಿಯಬಹುದು, ಹತ್ತು ವರ್ಷವನ್ನೂ ನುಂಗಬಹುದು.

ಕಾನೂನು ಆಯೋಗದ 262ನೇ ವರದಿ (2015) ಕೊಟ್ಟ ಲೆಕ್ಕದಂತೆ 1950ರಿಂದ ಆವರೆಗೆ ರಾಷ್ಟ್ರಪತಿಗಳು 437 ಅರ್ಜಿಗಳನ್ನು ಇತ್ಯರ್ಥ ಮಾಡಿದ್ದರು. ಅದರಲ್ಲಿ 306 ಮಂದಿಯ ಜೀವ ಉಳಿಯಿತು, 131 ಅರ್ಜಿ ತಿರಸ್ಕೃತವಾದವು. ಪಟ್ಟಿಯ ಪ್ರಕಾರ ರಾಜೇಂದ್ರ ಪ್ರಸಾದ್ 181ರಲ್ಲಿ 180 ಮಂದಿಗೆ, ರಾಧಾಕೃಷ್ಣನ್ ತಮ್ಮ ಮುಂದೆ ಬಂದ 57 ಮಂದಿಗೂ ಕ್ಷಮೆ ಕೊಟ್ಟರು. ಆ ದಶಕಗಳಲ್ಲಿ ನೂರಾರು ಜನ ಗಲ್ಲಿಗೇರಿದ್ದು ನಿಜವಾದ್ದರಿಂದ ಹಳೆಯ ಅಂಕಿಗಳು ಅಪೂರ್ಣವೆಂದೇ ತಿಳಿಯಬೇಕು. ನಂತರದವು ಹೆಚ್ಚು ಮಾತಾಡುತ್ತವೆ. ಜೈಲ್ ಸಿಂಗ್ 32ರಲ್ಲಿ 30, ವೆಂಕಟರಾಮನ್ 50ರಲ್ಲಿ 45, ಶಂಕರ ದಯಾಳ್ ಶರ್ಮ ಇದ್ದ 18ನ್ನೂ ತಳ್ಳಿಹಾಕಿದರು. ಪ್ರತಿಭಾ ಪಾಟೀಲ್ 39ರಲ್ಲಿ 34 ಮಂದಿಯನ್ನು ಉಳಿಸಿದರು. ಅವರ ಬೆನ್ನಿಗೇ ಬಂದ ಪ್ರಣವ್ ಮುಖರ್ಜಿ 33ರಲ್ಲಿ 31 ಅರ್ಜಿಗಳನ್ನು ತಿರಸ್ಕರಿಸಿದರು. ಕೈದಿಗಳು ಒಮ್ಮೆ ಸುಧಾರಿಸಿ ಒಮ್ಮೆ ಕೆಟ್ಟರೆಂದು ಇದಕ್ಕೆ ಕಾರಣ ಹೇಳಲಾಗದು. ಬದಲಾದದ್ದು ಕಡತ ಹಿಡಿದ ಕೈಗಳು.

ಕೈದಿ ಸುಧಾರಿಸಿಯಾನೇ ಎಂಬ ಪ್ರಶ್ನೆ ಕಾನೂನಿಗೆ ತಡವಾಗಿ ಹೊಕ್ಕಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕೊಲೆಗೆ ಗಲ್ಲೇ ವಾಡಿಕೆ. ಕೊಡದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಆ ಕಟ್ಟಳೆಯನ್ನು ತೆಗೆಯಿತು. 1973ರ ಸಂಹಿತೆ ಅದನ್ನು ತಲೆಕೆಳಗು ಮಾಡಿ, ಗಲ್ಲು ಕೊಡುವುದಕ್ಕೇ ವಿಶೇಷ ಕಾರಣ ಬೇಕೆಂದಿತು. 1980ರ ಬಚನ್ ಸಿಂಗ್ ತೀರ್ಪು 'ಅಪರೂಪದಲ್ಲಿ ಅಪರೂಪ' ಎಂಬ ಅಳತೆಗೋಲಿಗೆ ಹೆಸರಾಯಿತು. ಅದರೊಳಗಿನ ಇನ್ನೊಂದು ಮಾತು ಅಷ್ಟು ಪ್ರಚಾರ ಪಡೆಯಲಿಲ್ಲ: ಅಪರಾಧಿ ಸುಧಾರಿಸಲಾರ ಎಂಬುದನ್ನು ಸರ್ಕಾರವೇ ಸಾಕ್ಷ್ಯಸಮೇತ ತೋರಿಸಬೇಕು. ಬಹುಕಾಲ ಯಾರೂ ಅದನ್ನು ತೋರಿಸಲೂ ಇಲ್ಲ, ಕೇಳಲೂ ಇಲ್ಲ.

ಕ್ಷಮೆಯ ಕಡತದ ಹತ್ತಿರವಂತೂ ಆ ಮಾತು ಸುಳಿಯಲಿಲ್ಲ. ಅರ್ಜಿ ಪರಿಶೀಲನೆಗೆ ಗೃಹ ಸಚಿವಾಲಯ ಇಟ್ಟುಕೊಂಡ ಮಾರ್ಗಸೂಚಿಯಲ್ಲಿ ಏಳು ಅಂಶಗಳಿದ್ದವು. ಅಪರಾಧಿಯ ವೈಯಕ್ತಿಕ ಸ್ಥಿತಿ (ವಯಸ್ಸು, ಲಿಂಗ, ಬುದ್ಧಿಮಾಂದ್ಯ), ಸಾಕ್ಷ್ಯದ ಬಗ್ಗೆ ಅನುಮಾನ, ಹೊಸ ಸಾಕ್ಷ್ಯ, ಕೆಳ ನ್ಯಾಯಾಲಯದ ಖುಲಾಸೆ ಹೈಕೋರ್ಟಿನಲ್ಲಿ ರದ್ದಾಗಿದ್ದು, ನ್ಯಾಯಮೂರ್ತಿಗಳ ಭಿನ್ನಮತ, ಗುಂಪು ಕೊಲೆಯಲ್ಲಿ ಯಾರ ಪಾಲೆಷ್ಟು ಎಂಬುದು, ವಿಚಾರಣೆಯ ವಿಳಂಬ. ಶಿಕ್ಷೆಯಾದ ಮೇಲೆ ಆ ಮನುಷ್ಯ ಏನಾದ ಎಂಬುದಕ್ಕೆ ಏಳರಲ್ಲಿ ಒಂದು ಕಲಮೂ ಮೀಸಲಿರಲಿಲ್ಲ.

ಪದ್ಧತಿಯ ಒರಟುತನ ಬಯಲಾದದ್ದು ಉತ್ತರ ಪ್ರದೇಶದ ಹರ್‌ಬನ್ಸ್ ಸಿಂಗ್ ಪ್ರಕರಣದಲ್ಲಿ. ಒಂದೇ ಕೊಲೆ ಪ್ರಕರಣ, ಮೂವರಿಗೂ ಗಲ್ಲು. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ಬೇರೆ ಪೀಠಗಳು ಕೇಳಿದವು. ಒಬ್ಬನ ಶಿಕ್ಷೆ ಜೀವಾವಧಿಗೆ ಇಳಿಯಿತು. ಇನ್ನೊಬ್ಬ 1981ರ ಅಕ್ಟೋಬರ್ 6ರಂದು ನೇಣಿಗೇರಿದ. ಅದೇ ದಿನ ಸಾಯಬೇಕಿದ್ದ ಮೂರನೆಯವನು ತಡೆಯಾಜ್ಞೆಯಿಂದ ಬದುಕಿಕೊಂಡ. 1982ರಲ್ಲಿ ನ್ಯಾಯಾಲಯ ಅವನ ಶಿಕ್ಷೆಯನ್ನು ತಾನೇ ಇಳಿಸದೆ, ಇಳಿಸುವಂತೆ ರಾಷ್ಟ್ರಪತಿಗೆ ಶಿಫಾರಸು ಮಾಡಿತು.

ಅಲ್ಲಿಂದಾಚೆಗೆ ಕೈದಿಗಳನ್ನು ಉಳಿಸಿದ್ದು ಮನಪರಿವರ್ತನೆಗಿಂತ ಹೆಚ್ಚಾಗಿ ವಿಳಂಬ. ಎರಡು ವರ್ಷ ತಡವಾದರೆ ಗಲ್ಲು ರದ್ದಾಗಬೇಕೆಂದು 1983ರಲ್ಲಿ ವೈದೀಶ್ವರನ್ ತೀರ್ಪು ಹೇಳಿತು. 1989ರ ತ್ರಿವೇಣಿಬೆನ್ ತೀರ್ಪು ಆ ಗಡುವನ್ನು ಒಪ್ಪಲಿಲ್ಲವಾದರೂ ಅತಿಯಾದ ವಿಳಂಬಕ್ಕೆ ಬಾಗಿಲು ತೆರೆದಿಟ್ಟಿತು. ಆ ಬಾಗಿಲಿನಿಂದ ಹೊರಬಂದವರಲ್ಲಿ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರೂ ಇದ್ದರು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಬಳಿಯ ಪಾಲಾರ್‌ನಲ್ಲಿ ಸಿಡಿದ ನೆಲಬಾಂಬಿಗೆ ಪೊಲೀಸರೂ ಅರಣ್ಯ ಸಿಬ್ಬಂದಿಯೂ ಸೇರಿ 22 ಮಂದಿ ಬಲಿಯಾಗಿದ್ದರು. ಆ ಪ್ರಕರಣದಲ್ಲಿ ಈ ನಾಲ್ವರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ಜೀವಾವಧಿ ಕೊಟ್ಟಿತು; ಬಿಡುಗಡೆ ಬೇಡಿ ಹೋದವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಅವರ ಅರ್ಜಿ ಒಂಬತ್ತು ವರ್ಷ ಕೊಳೆತು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಕುಣಿಕೆ ಕಾದಿರುವಾಗಲೇ ತಡೆಯಾಜ್ಞೆ ಬಂತು. 2014ರ ಜನವರಿ 21ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಈ ನಾಲ್ವರೂ ಸೇರಿ 15 ಮಂದಿಯ ಗಲ್ಲು ರದ್ದಾಯಿತು. ಅರ್ಜಿ ತಿರಸ್ಕಾರವಾದ ಮೇಲೆ ನೇಣಿಗೆ ಕನಿಷ್ಠ 14 ದಿನ ಅಂತರವಿರಬೇಕೆಂಬ ನಿಯಮವೂ ಆಗಲೇ ಹುಟ್ಟಿತು. ಸತ್ತವರ ಮನೆಯವರಿಗೆ ಇದರಿಂದ ಸಮಾಧಾನವಾಗಿರಲಾರದು. ಕೈದಿಗಳು ಬದಲಾಗಿದ್ದಾರೆಂದಾದರೂ ಯಾರೂ ಅವರಿಗೆ ಹೇಳಲಿಲ್ಲ. ಸರ್ಕಾರ ತಡಮಾಡಿತು ಎಂದಷ್ಟೇ ಹೇಳಿದರು.

ಅದೇ ಬೆಳಗಾವಿ ಜೈಲಿನ ಇನ್ನೊಂದು ಕತೆ ಇದಕ್ಕಿಂತ ವಿಚಿತ್ರ. ಬಾಗಲಕೋಟೆಯ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಯಾಗಿದ್ದ ಕೈದಿಗೆ 2012ರ ಜೂನ್‌ನಲ್ಲಿ ರಾಷ್ಟ್ರಪತಿಯ ಕ್ಷಮೆ ಸಿಕ್ಕಿತು. ಅವನು 2007ರ ಅಕ್ಟೋಬರ್‌ನಲ್ಲೇ ಜೈಲಿನಲ್ಲಿ ಸತ್ತಿದ್ದ. ಕಡತ ಓದಿದವರಾರಿಗೂ ಅದು ಗೊತ್ತಾಗಿರಲಿಲ್ಲ. ಬದುಕಿದ್ದಾನೋ ಇಲ್ಲವೋ ಎಂಬುದನ್ನೇ ನೋಡದ ವ್ಯವಸ್ಥೆ ಅವನ ಸನ್ನಡತೆಯನ್ನು ನೋಡೀತೆಂದು ನಂಬುವುದು ಕಷ್ಟ.

ನೋಡುವ ಕೆಲಸ ಈಚೆಗೆ ನ್ಯಾಯಾಲಯಗಳಲ್ಲಿ ಶುರುವಾಗಿದೆ. ಮಗುವೊಂದನ್ನು ಅಪಹರಿಸಿ ಕೊಂದ ಮಹಾರಾಷ್ಟ್ರದ ಕೈದಿಯೊಬ್ಬ ಸೆರೆಯಲ್ಲಿದ್ದೇ ಪದವಿ ಓದಿದ, ಕವಿತೆ ಬರೆದ. ಕೃತ್ಯ ನಡೆದಾಗ ಅವನಿಗೆ 22 ವರ್ಷ. 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತಾಗ ಸೆರೆವಾಸಕ್ಕೇ 18 ವರ್ಷ. ಆ ಕವಿತೆಗಳಲ್ಲಿ ಪಶ್ಚಾತ್ತಾಪ ಕಂಡ ಪೀಠ ಗಲ್ಲನ್ನು ಜೀವಾವಧಿಗೆ ಇಳಿಸಿತು. ನೇಣಿನ ನೆರಳಲ್ಲಿ ಯಾರು ತಾನೇ ಒಳ್ಳೆಯವರಾಗುವುದಿಲ್ಲ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ 18 ವರ್ಷ ಒಂದೇ ಸಮ ನಟಿಸುವುದೂ ಸುಲಭವಲ್ಲ, ಜೈಲಿನ ಸಿಬ್ಬಂದಿಯ ಕಣ್ಣೆದುರಂತೂ ಅಲ್ಲ. 2022ರ ಮನೋಜ್ ಪ್ರಕರಣದ ತೀರ್ಪು ಈ ಪರೀಕ್ಷೆಯನ್ನು ಕವಿತೆಯ ಅದೃಷ್ಟಕ್ಕೆ ಬಿಡಲಿಲ್ಲ. ಕೈದಿಯ ಜೈಲು ನಡತೆ, ಮಾಡಿದ ಕೆಲಸ, ಮಾನಸಿಕ ಸ್ಥಿತಿಗಳ ವರದಿಯನ್ನು ತರಿಸಿಕೊಂಡೇ ಶಿಕ್ಷೆ ನಿರ್ಧರಿಸಬೇಕೆಂದಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಂ ಕ್ಷಮಾ ಅರ್ಜಿಗೆ ಮೊದಲ ಬಾರಿ ಕಾಯ್ದೆಯಲ್ಲೇ ಗಡುವು ಹಾಕಿದೆ. ಕೈದಿ 30 ದಿನದೊಳಗೆ ಅರ್ಜಿ ಹಾಕಬೇಕು. ರಾಜ್ಯಪಾಲರು ಒಪ್ಪದಿದ್ದರೆ 60 ದಿನದೊಳಗೆ ರಾಷ್ಟ್ರಪತಿಗೆ ಮೊರೆಯಿಡಬೇಕು. ಒಂದೇ ಪ್ರಕರಣದ ಅಪರಾಧಿಗಳ ಅರ್ಜಿಗಳನ್ನು ಒಟ್ಟಿಗೇ ತೀರ್ಮಾನಿಸಬೇಕು. ಹರ್‌ಬನ್ಸ್ ಸಿಂಗ್ ಪ್ರಕರಣದಂಥ ಎಡವಟ್ಟಿಗೆ ಇದು ನಲವತ್ತು ವರ್ಷ ತಡವಾಗಿ ಬಂದ ಮದ್ದು. ರಾಷ್ಟ್ರಪತಿಯ ತೀರ್ಮಾನಕ್ಕೆ ಮಾತ್ರ ಗಡುವಿಲ್ಲ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಕೈದಿ ಸುಧಾರಿಸಿದ್ದಾನೆಯೇ ಎಂದು ನೋಡಬೇಕೆಂಬ ಮಾತು ಈ ಕಲಮಿನಲ್ಲೂ ಬಂದಿಲ್ಲ.