ಬೆಳಗಾವಿಯಲ್ಲಿ ಬಂಧಿಯಾಗಿದ್ದ ಇಂಗ್ಲಿಷ್ ಸಮಾಜವಾದಿ

1926ರ ಡಿಸೆಂಬರ್ ಕೊನೆಯಲ್ಲಿ ಮುಂಬಯಿಗೆ ಬಂದಿಳಿದ ಪ್ರಯಾಣಿಕರಲ್ಲಿ 24 ವರ್ಷದ ಇಂಗ್ಲಿಷ್ ಯುವಕರೊಬ್ಬರಿದ್ದರು. ಪುಸ್ತಕ ವ್ಯಾಪಾರಕ್ಕೆ ಬಂದಿದ್ದೇನೆ ಎನ್ನುತ್ತಿದ್ದ ಅವರು ಬಂದ ಉದ್ದೇಶವೇ ಬೇರೆ. ಭಾರತದ ಕಾರ್ಮಿಕರನ್ನೂ ರೈತರನ್ನೂ ಸಂಘಟಿಸಿ, ತಮ್ಮದೇ ದೇಶದ ಆಳ್ವಿಕೆಯನ್ನು ಇಲ್ಲಿಂದ ಕಿತ್ತೊಗೆಯಲು ನೆರವಾಗುವುದು ಅವರಿಗೆ ವಹಿಸಿದ್ದ ಕೆಲಸ. ಅವರ ಹೆಸರು ಫಿಲಿಪ್ ಸ್ಪ್ರಾಟ್. ಮುಂದೆ ಬೆಳಗಾವಿಯಲ್ಲಿ ಸರ್ಕಾರದ ಬಂಧಿಯಾಗಿ, ಬೆಂಗಳೂರಿನಲ್ಲಿ ಪತ್ರಕರ್ತರಾಗಿ ಬದುಕಿದ ಅವರ ಕಥೆ ಕನ್ನಡನಾಡಿಗೂ ಸೇರಿದ್ದು.

1902ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜನಿಸಿದ ಸ್ಪ್ರಾಟ್ ಶಾಲಾ ಉಪಾಧ್ಯಾಯರ ಮಗ. ಅಣ್ಣ ಡೇವಿಡ್ ಮೊದಲ ಮಹಾಯುದ್ಧಕ್ಕೆ ಸೇರಿ 1917ರಲ್ಲಿ ಹತರಾದರು. ಗಣಿತ ಓದಲು ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ಗೆ ಹೋದ ಸ್ಪ್ರಾಟ್ ಅಲ್ಲಿ ಎಡಪಂಥೀಯ ಗೆಳೆಯರ ಜೊತೆ ಸೇರಿ ಕಮ್ಯುನಿಸ್ಟರಾದರು. ಮಾಸ್ಕೋದಲ್ಲಿದ್ದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆ ‘ಕಾಮಿಂಟರ್ನ್’ ಪರವಾಗಿ ಭಾರತಕ್ಕೆ ಹೋಗುವ ಕೆಲಸವನ್ನು ಅವರು ಒಪ್ಪಿಕೊಂಡದ್ದು ಆ ಹುಮ್ಮಸ್ಸಿನಲ್ಲೇ.

ಮೀರತ್ ಮೊಕದ್ದಮೆ

ಭಾರತಕ್ಕೆ ಬಂದ ಮರುವರ್ಷವೇ ‘ಭಾರತ ಮತ್ತು ಚೀನಾ’ ಎಂಬ ಕಿರುಹೊತ್ತಗೆ ಬರೆದುದಕ್ಕಾಗಿ ಸ್ಪ್ರಾಟ್ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಮುಂಬಯಿಯ ಜ್ಯೂರಿ ಅವರನ್ನು ನಿರ್ದೋಷಿ ಎಂದಿತು. ಮತ್ತೆ ಅವರು ಗಿರಣಿ ಕಾರ್ಮಿಕರ, ರೈಲ್ವೆ ಕಾರ್ಮಿಕರ ನಡುವೆ ಓಡಾಡಿದರು; ‘ಕಾರ್ಮಿಕ-ರೈತ ಪಕ್ಷ’ಗಳನ್ನು ಕಟ್ಟಲು ನೆರವಾದರು.

1929ರ ಮಾರ್ಚ್ 20ರಂದು ಸರ್ಕಾರ ದೇಶದ ಹಲವೆಡೆ ಏಕಕಾಲಕ್ಕೆ ದಾಳಿ ನಡೆಸಿ ಕಾರ್ಮಿಕ ಮುಖಂಡರನ್ನು ಬಂಧಿಸಿತು. 30ಕ್ಕೂ ಹೆಚ್ಚು ಆರೋಪಿಗಳಿದ್ದ ಮೀರತ್ ಪಿತೂರಿ ಮೊಕದ್ದಮೆ ಆರಂಭವಾದದ್ದು ಹೀಗೆ. ಬ್ರಿಟನ್ನಿನ ದೊರೆಯ ಸಾರ್ವಭೌಮತ್ವವನ್ನು ಕಿತ್ತುಕೊಳ್ಳಲು ಸಂಚು ಹೂಡಿದರೆಂಬುದು ಆರೋಪ. ಮುಂಬಯಿ, ಕಲ್ಕತ್ತೆ ಬಿಟ್ಟು ಮೀರತ್ ನಗರವನ್ನೇ ವಿಚಾರಣೆಗೆ ಆರಿಸಿದ್ದಕ್ಕೆ ಕಾರಣವಿತ್ತು: ಅಲ್ಲಿ ಜ್ಯೂರಿ ಇಲ್ಲದೆ ವಿಚಾರಣೆ ನಡೆಸಬಹುದಿತ್ತು. ಮುಂಬಯಿ ಜ್ಯೂರಿಯ ತೀರ್ಪನ್ನು ಸರ್ಕಾರ ಮರೆತಿರಲಿಲ್ಲ.

ಆರೋಪಿಗಳಲ್ಲಿ ಸ್ಪ್ರಾಟ್ ಸೇರಿ ಮೂವರು ಇಂಗ್ಲಿಷರು. ಮಂಗಳೂರಿನಲ್ಲಿ ಹುಟ್ಟಿದ ಎಸ್.ವಿ. ಘಾಟೆ, ಮುಂಬಯಿಯ ಎಸ್.ಎ. ಡಾಂಗೆ ಕೂಡ ಅದೇ ಕಟಕಟೆಯಲ್ಲಿದ್ದರು. ಬಿಳಿಯರು ಭಾರತೀಯರ ಪಕ್ಕದಲ್ಲಿ ನಿಂತು ಬ್ರಿಟಿಷ್ ಸರ್ಕಾರದ ವಿರುದ್ಧ ವಾದಿಸುವುದನ್ನು ದೇಶ ಬೆರಗಿನಿಂದ ನೋಡಿತು. ನಾಲ್ಕು ವರ್ಷ ಎಳೆದಾಡಿದ ವಿಚಾರಣೆಯಲ್ಲಿ ಆರೋಪಿಗಳು ಕೊಟ್ಟ ಹೇಳಿಕೆಗಳು ಪತ್ರಿಕೆಗಳಲ್ಲಿ ಬಂದವು. ಸಮಾಜವಾದವನ್ನು ಅಡಗಿಸಲು ಹೂಡಿದ ಮೊಕದ್ದಮೆಯೇ ಅದಕ್ಕೆ ಪ್ರಚಾರ ಕೊಟ್ಟಿತು.

1933ರ ಜನವರಿಯಲ್ಲಿ ಸ್ಪ್ರಾಟ್, ಘಾಟೆ, ಡಾಂಗೆ ಅವರಿಗೆ 12 ವರ್ಷಗಳ ಶಿಕ್ಷೆಯಾಯಿತು. ಬ್ರಿಟನ್ನಿನಲ್ಲೂ ಪ್ರತಿಭಟನೆ ಎದ್ದಿತು. ಮೇಲ್ಮನವಿಯಲ್ಲಿ ಅಲಹಾಬಾದ್ ಹೈಕೋರ್ಟ್ ಸ್ಪ್ರಾಟ್ ಶಿಕ್ಷೆಯನ್ನು 2 ವರ್ಷಕ್ಕಿಳಿಸಿತು.

ಬೆಳಗಾವಿಯ ದಿನಗಳು

1934ರಲ್ಲಿ ಬಿಡುಗಡೆಯಾದರೂ ಸ್ಪ್ರಾಟ್ ಅವರಿಗೆ ಹೊರಗಿನ ಗಾಳಿ ಹೆಚ್ಚು ದಿನ ದಕ್ಕಲಿಲ್ಲ. ಅದೇ ವರ್ಷ ಮತ್ತೆ ಹಿಡಿದು, ವಿಚಾರಣೆಯಿಲ್ಲದೆ ಬೆಳಗಾವಿಯಲ್ಲಿ ನಿರ್ಬಂಧದಲ್ಲಿಟ್ಟರು. ಆಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರೆ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಬೆಳಗಾವಿ ಮುಂಬಯಿ ಪ್ರಾಂತ್ಯದ ಜಿಲ್ಲಾ ಕೇಂದ್ರ. ಹತ್ತು ವರ್ಷ ಹಿಂದೆ, 1924ರಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಕಂಡಿದ್ದ ಊರದು. 1936ರವರೆಗೆ ಸ್ಪ್ರಾಟ್ ಅಲ್ಲಿ ಬಂಧಿಯಾಗಿದ್ದರು.

ಬಿಡುಗಡೆಯ ನಂತರ ಅವರು ಇಂಗ್ಲೆಂಡಿಗೆ ಮರಳಲಿಲ್ಲ. 1939ರಲ್ಲಿ ಸೀತಾ ಅವರನ್ನು ಮದುವೆಯಾದರು. 1923ರಲ್ಲಿ ಮದ್ರಾಸಿನಲ್ಲಿ ಭಾರತದ ಮೊದಲ ಮೇ ದಿನ ಆಚರಿಸಿದ, ಆ ನಗರಸಭೆಯ ಸದಸ್ಯರೂ ಆಗಿದ್ದ ಸಿಂಗಾರವೇಲು ಚೆಟ್ಟಿಯಾರ್ ಅವರ ಕುಟುಂಬದ ಹೆಣ್ಣುಮಗಳು ಸೀತಾ. ಅದೇ ವರ್ಷ ಗಾಂಧಿ ವಿಚಾರಗಳನ್ನು ವಿಶ್ಲೇಷಿಸುವ ಸ್ಪ್ರಾಟ್ ಪುಸ್ತಕ ಪ್ರಕಟವಾಯಿತು.

ನಂಬಿಕೆ ಮುರಿದಾಗ

1939ರ ನವೆಂಬರಿನಲ್ಲಿ ಸೋವಿಯತ್ ರಷ್ಯಾ ತನ್ನ ಪುಟ್ಟ ನೆರೆದೇಶ ಫಿನ್ಲೆಂಡ್ ಮೇಲೆ ದಂಡೆತ್ತಿ ಹೋಯಿತು. ಶ್ರಮಿಕರ ಹೆಸರಿನ ಸರ್ಕಾರವೂ ಸಾಮ್ರಾಜ್ಯದಂತೆಯೇ ನಡೆದುಕೊಂಡಿತಲ್ಲ ಎಂಬುದು ಸ್ಪ್ರಾಟ್ ಅವರನ್ನು ಕಾಡಿತು. ಕಮ್ಯುನಿಸಂನಿಂದ ದೂರವಾಗಿ ಅವರು ಎಂ.ಎನ್. ರಾಯ್ ಅವರ ರ್‍ಯಾಡಿಕಲ್ ಡೆಮಾಕ್ರಟಿಕ್ ಪಕ್ಷ ಸೇರಿದರು. ಬೆಂಗಳೂರಿನಲ್ಲಿ ನೆಲೆಸಿ ‘ಮೈಸಿಂಡಿಯಾ’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕರಾದರು.

ಸ್ವಾತಂತ್ರ್ಯಾನಂತರ ನೆಹರೂ ಸರ್ಕಾರ ಯೋಜನೆಗಳ ಮೂಲಕ ಸಮಾಜವಾದದತ್ತ ಹೊರಳುತ್ತಿದ್ದಾಗ, ಅದೇ ಸಮಾಜವಾದಕ್ಕಾಗಿ ಜೈಲಿಗೆ ಹೋಗಿದ್ದ ಸ್ಪ್ರಾಟ್ ಅದನ್ನು ಕಟುವಾಗಿ ಟೀಕಿಸುತ್ತಿದ್ದರು. 1952ರಲ್ಲಿ ಕಾಶ್ಮೀರದ ವಿಷಯದಲ್ಲೂ ಸರ್ಕಾರದ ನಿಲುವಿಗೆ ತದ್ವಿರುದ್ಧವಾಗಿ ಬರೆದರು. 1955ರಲ್ಲಿ ಬಂದ ನೆನಪುಗಳ ಪುಸ್ತಕದಲ್ಲಿ ತಾವು ಕಾಮಿಂಟರ್ನ್ ದೂತರಾಗಿ ಬಂದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮುಂದೆ ಮದ್ರಾಸಿಗೆ ಹೋಗಿ, ರಾಜಾಜಿ ಅವರ ವಿಚಾರಗಳಿಗೆ ವೇದಿಕೆಯಾಗಿದ್ದ ‘ಸ್ವರಾಜ್ಯ’ ಪತ್ರಿಕೆಯಲ್ಲಿ ದುಡಿದರು. 1971ರ ಮಾರ್ಚ್ 8ರಂದು ಅಲ್ಲೇ ಕೊನೆಯುಸಿರೆಳೆದರು.

ನಿಲುವು ಬದಲಿಸಿದ ಸ್ಪ್ರಾಟ್ ಹಳೆಯ ಪಕ್ಷದ ಪಾಲಿಗೆ ದೂರದವರಾದರು. ರಾಷ್ಟ್ರೀಯ ಹೋರಾಟದ ಚರಿತ್ರೆ ಅವರನ್ನು ಮೀರತ್ ಮೊಕದ್ದಮೆಯ ಪುಟಕ್ಕೆ ಸೀಮಿತಗೊಳಿಸಿತು. ಆದರೆ ಇಂಗ್ಲಿಷರ ಸಾಮ್ರಾಜ್ಯವನ್ನು ವಿರೋಧಿಸಿದ ಮನುಷ್ಯನೇ ಫಿನ್ಲೆಂಡ್ ಮೇಲಿನ ದಾಳಿಯನ್ನೂ ವಿರೋಧಿಸಿದ್ದು. ಬಲವುಳ್ಳವರು ದುರ್ಬಲರ ಮೇಲೆ ಏರಿಹೋಗುವುದು ಸ್ವಂತ ದೇಶದ್ದಾದರೂ, ಸ್ವಂತ ಪಕ್ಷದ್ದಾದರೂ ಅವರು ಸಹಿಸಲಿಲ್ಲ. ಮೊದಲನೆಯದಕ್ಕೆ ತೆತ್ತ ಬೆಲೆ ಮೀರತ್ ಮತ್ತು ಬೆಳಗಾವಿಯ ವರ್ಷಗಳು; ಎರಡನೆಯದಕ್ಕೆ, ಒಮ್ಮೆ ಜೊತೆಯಲ್ಲಿ ಕಟಕಟೆ ಹತ್ತಿದವರ ಒಡನಾಟ.